ಪಾತಮ್ಮ ಕುಟ್ಟಿದ ನೈಜೀರಿಯಾದ ಖಾರ

ಪಾತಮ್ಮನಂಥ ಪುಕ್ಕಲು ಹೆಂಗಸನ್ನು ನಾನು ಇನ್ನೊಬ್ಬಳನ್ನು ನೋಡಿಲ್ಲ. ಬೆನ್ನ ಹಿಂದೆ ಆಡುವ ಮಾತಲ್ಲ ಇದು, ಅವಳ ಮುಖಕ್ಕೇ ಹೇಳಿದ್ದೇನೆ. ಬೀದಿಯಲ್ಲಿ ಪೊಲೀಸ್ ಜೀಪು ಹಾದರೆ ಗೋಡೆಗೆ ಅಂಟಿಕೊಳ್ಳುತ್ತಾಳೆ. ನರ್ಸ್ ಕೈಯಲ್ಲಿ ಸೂಜಿ ಕಂಡರೆ, ಚುಚ್ಚುವುದು ಬೇರೆಯವರಿಗೇ ಆದರೂ ಇವಳು ಕಣ್ಣು ಮುಚ್ಚುತ್ತಾಳೆ. ಬಸ್ಸು ಹತ್ತಿ ಕೂತ ಮೇಲೂ ಇದು ತನ್ನೂರು ದೊಡ್ಡಉಳ್ಳಾರ್ತಿಗೇ ಹೋಗುತ್ತದೆಯೇ ಎಂದು ಕಂಡಕ್ಟರನ್ನು ಕೇಳುತ್ತಾಳೆ, ಅವನು ರೇಗಿದರೆ ಪಕ್ಕದವರನ್ನು ಕೇಳುತ್ತಾಳೆ. ಮದುವೆಯಾಗಿ ಬಂದಾಗಿನಿಂದ ಅವಳು ಹತ್ತುತ್ತಿರುವುದು ಅದೇ ಬಸ್ಸು. ತವರು ಆಂಧ್ರದ ಗಡಿಗೆ ಅಂಟಿದ ಮೊಳಕಾಲ್ಮೂರಿನ ಕಡೆ ರಾಂಪುರದ ಹತ್ತಿರ. ಹಾಗಾಗಿ ತೀರಾ ಹೆದರಿದಾಗ ಕನ್ನಡ ಮರೆತು ಬಾಯಿಗೆ ತೆಲುಗು ಬರುತ್ತದೆ. "ಏಮೈತುಂದೋ ಏಮೋ" ಎಂದು ಶುರುಮಾಡಿದಳೆಂದರೆ ಏನಾಗುವುದೋ ಏನೋ ಎಂಬ ಚಿಂತೆ ಅವಳ ತಲೆಗೇರಿತೆಂದೇ ಅರ್ಥ.

ಇಷ್ಟು ಹೆದರುವವಳು ಆರಿಸಿಕೊಂಡ ಕೆಲಸ ನೋಡಿ: ಹಸಿ ಬಾಣಂತಿಯರ ಆರೈಕೆ. ಗಂಡ ಪಾತಣ್ಣ ಊರಾಚೆಯ ಹುಲ್ಲುಗಾವಲಿನ ಅಂಚಿನಲ್ಲಿ ಕುರಿ ಮೇಯಿಸುತ್ತಾನೆ, ಮಗ ಬಾಲರಾಜ್ ಗಾರೆ ಕೆಲಸಕ್ಕೆ ಹೋಗುತ್ತಾನೆ. ಇವಳು ಬೆಳಗಿನ ಬಸ್ಸಿಗೆ ಚಳ್ಳಕೆರೆಗೆ ಬಂದು ಯಾರ ಮನೆಯಲ್ಲಿ ಹೆರಿಗೆಯಾಗಿದೆಯೋ ಅಲ್ಲಿ ತಾಯಿಗೆ ಎಣ್ಣೆ ತಿಕ್ಕಿ ನೀರು ಹಾಕಿ, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ಎರೆದು, ಹೊಗೆ ಹಾಕಿ ತೊಟ್ಟಿಲಿಗೆ ಬಿಟ್ಟು ಹೋಗುತ್ತಾಳೆ. ನನ್ನ ಮಗಳ ಬಾಣಂತನದಲ್ಲಿ ನನಗೆ ಗುರುತಾದಳು. ಆಮೇಲೆ ನಮ್ಮ ಬೀದಿಯಲ್ಲಿ ಯಾರಿಗೇ ಹೆರಿಗೆಯಾಗಲಿ, ನಾನೇ ಅವಳಿಗೆ ಫೋನು ಮಾಡುವುದು.

ನೀರು ಹಾಕುವುದಕ್ಕಿಂತ ಅವಳಿಗೆ ಹೆಸರು ತಂದುಕೊಟ್ಟದ್ದು ಅವಳ ಬಾಣಂತಿ ಖಾರ. ಮೆಣಸು, ಒಣಶುಂಠಿ, ಹಿಪ್ಪಲಿ, ಓಮ, ಜೀರಿಗೆ, ಜಾಕಾಯಿ ಎಲ್ಲವನ್ನೂ ಬೇರೆಬೇರೆಯಾಗಿ ಹುರಿದು ಕಲ್ಲಿನ ಒರಳಲ್ಲಿ ಕುಟ್ಟುತ್ತಾಳೆ. ಮಿಕ್ಸಿ ಹತ್ತಿರ ಸುಳಿಯುವುದಿಲ್ಲ. ಕುಟ್ಟುವಾಗ ಸೆರಗನ್ನು ಬಾಯಿಗೆ ಬಿಗಿದು ಕಟ್ಟಿಕೊಳ್ಳುತ್ತಾಳೆ. ಎಂಜಲಿನ ಹನಿ ತಾಗಬಾರದು, ಕುಟ್ಟಿದವಳು ಅದನ್ನು ನಾಲಿಗೆಗೆ ಹಚ್ಚಿ ನೋಡಲೂಬಾರದು. ಅದು ಬಾಣಂತಿಯ ಪಾಲು, ಮೊದಲು ಅವಳೇ ತಿನ್ನಬೇಕು. ಅವಳ ಅತ್ತೆ ಹಾಕಿಕೊಟ್ಟ ಕಟ್ಟಳೆ ಇದು. ಹಾಗಾಗಿ ಪಾತಮ್ಮನ ಹದವೆಲ್ಲ ಮೂಗಿನಲ್ಲಿದೆ. ತಾನು ಮಾಡಿದ ಖಾರದ ರುಚಿ ಹೇಗಿರುತ್ತದೆಂದು ಅವಳಿಗೆ ಗೊತ್ತೇ ಇಲ್ಲ.

ಖಾರ ಕೊಟ್ಟ ಮರುದಿನದಿಂದ ಅವಳ ವಿಚಾರಣೆ ಶುರುವಾಗುತ್ತದೆ. ಬಾಗಿಲಲ್ಲಿ ಚಪ್ಪಲಿ ಬಿಡುವ ಮುಂಚೆಯೇ, "ನಡುಕ ಏನಾರ ಬಂತಾ? ಮೈ ಬಿಸಿ ಐತಾ?" ಎಂದು ಕೇಳುತ್ತಾಳೆ. ಇಲ್ಲವೆಂದರೂ ನಂಬದೆ ಅಂಗೈಯ ಹಿಂಭಾಗವನ್ನು ಬಾಣಂತಿಯ ಹಣೆಗೆ, ಕುತ್ತಿಗೆಗೆ ಒತ್ತಿ ನೋಡುತ್ತಾಳೆ. ನನ್ನ ಮಗಳಿಗಂತೂ ಸಾಕುಸಾಕಾಗಿತ್ತು. "ಅವ್ವ, ಇವಳು ನೋಡೋದು ನೋಡಿದ್ರೆ ನಾನು ಇವತ್ತೇ ಸಾಯ್ತೀನೇನೋ ಅನ್ನಿಸುತ್ತೆ" ಎಂದು ಗೊಣಗುತ್ತಿದ್ದಳು. ಪಾತಮ್ಮನ ಸ್ವಭಾವವೇ ಅದು ಎಂದು ನಾನು ಸಮಾಧಾನ ಹೇಳುತ್ತಿದ್ದೆ.

ಹೋದ ವರ್ಷ ನಮ್ಮ ಮನೆಯ ಮಹಡಿಗೆ ಬಾಡಿಗೆಗೆ ಬಂದವರು ನೈಜೀರಿಯಾದ ಗಂಡ ಹೆಂಡತಿ. ಗಂಡ ಒಬಿನ್ನಾ ದೊಡ್ಡಉಳ್ಳಾರ್ತಿ ಕಡೆಯ ಸಂಶೋಧನಾ ಕೇಂದ್ರವೊಂದಕ್ಕೆ ತರಬೇತಿಗೆಂದು ಬಂದವನು. ಬೀದಿಯವರು ಒಂದೇ ವಾರದಲ್ಲಿ ಅವನನ್ನು ಓಬಣ್ಣನನ್ನಾಗಿ ಮಾಡಿಬಿಟ್ಟರು, ಅವನೂ ಕರೆದರೆ ಓಗೊಡುತ್ತಿದ್ದ. ಹೆಂಡತಿಯ ಹೆಸರು ಅದಾಕು. ಎತ್ತರದ ಹುಡುಗಿ, ನಗು ಬಂದರೆ ಮೆಟ್ಟಿಲ ಮೇಲೇ ಕೂತು ನಗುವವಳು. ಮೊದಮೊದಲು ಬೀದಿಯ ಜನ ಅವಳನ್ನು ಬಾಯಿ ಬಿಟ್ಟುಕೊಂಡು ನೋಡಿದರು. ಅವಳು ಬಸುರಿ ಎಂದು ತಿಳಿದ ಮೇಲೆ ನೋಡುವುದನ್ನು ಬಿಟ್ಟು ಬುದ್ಧಿ ಹೇಳಲು ಶುರುಮಾಡಿದರು.

ಹೆರಿಗೆಗೆ ಅವಳ ತಾಯಿ ಬರುವುದೆಂದು ಮಾತಾಗಿತ್ತು. ವೀಸಾ ಸಿಗಲಿಲ್ಲ. ಆ ಸುದ್ದಿ ಬಂದ ದಿನ ಅದಾಕು ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತಳು. ನಾನು ಬಿ.ಎ. ಓದಿದ್ದು ಯಾವ ಕಾಲವೋ, ನನ್ನ ಇಂಗ್ಲಿಷು ತುಕ್ಕು ಹಿಡಿದಿದೆ. ಆದರೂ ಅವಳು ಹೇಳಿದ್ದು ತಿಳಿಯಿತು. ಅವರ ಕಡೆ ಹೆರಿಗೆಯಾದ ಮಗಳಿಗೆ ತಾಯಿಯೇ ಪೆಪ್ಪರ್ ಸೂಪ್ ಮಾಡಿ ಉಣಿಸಬೇಕಂತೆ. ಮಾಂಸ ಬೇಯಿಸಿ, ಮನೆಯಲ್ಲೇ ಹುರಿದು ಪುಡಿ ಮಾಡಿದ ಖಾರ ಹಾಕಿ ಮಾಡುವ ನೀರುನೀರಾದ ಸಾರು ಅದು. ಹೊಟ್ಟೆಯೊಳಗೆ ಉಳಿದದ್ದನ್ನೆಲ್ಲ ಅದು ತೊಳೆದು ಹೊರಹಾಕುತ್ತದೆ, ಹಾಲು ಇಳಿಸುತ್ತದೆ ಎಂದು ಅವರ ನಂಬಿಕೆ. "ಅಯ್ಯೋ, ಇದಕ್ಕೆ ಅಳ್ತಾರಾ? ನಮ್ಮ ಪಾತಮ್ಮ ಮಾಡೋದೂ ಇದನ್ನೇ" ಎಂದೆ.

ಹೆರಿಗೆಯಾಯಿತು, ಹೆಣ್ಣು ಮಗು. ಮನೆಗೆ ಬಂದ ಕೆಲವು ದಿನಕ್ಕೆ ಅವಳ ತಾಯಿ ಕಳಿಸಿದ ಪೊಟ್ಟಣವೂ ಬಂತು, ಅವರೂರಿನಿಂದ ಬೆಂಗಳೂರಿಗೆ ಬಂದ ಯಾರದೋ ಕೈಯಲ್ಲಿ. ಪಾತಮ್ಮ ಅದನ್ನು ಮೊರಕ್ಕೆ ಸುರಿದುಕೊಂಡು ಒಂದೊಂದನ್ನೂ ಮೂಗಿಗೆ ಹಿಡಿದಳು. ಬಾಲವಿರುವ ಸಣ್ಣ ಮೆಣಸು ಅವಳಿಗೆ ಗುರುತು ಸಿಕ್ಕಿತು, ನಮ್ಮ ಗಂಧಮೆಣಸಿನ ಹಾಗೇ ಇತ್ತು. ಗಟ್ಟಿ ಸಿಪ್ಪೆಯ ಬೀಜವೊಂದು ಜಾಕಾಯಿಯ ವಾಸನೆ ಬೀರುತ್ತಿತ್ತು. ಇನ್ನೊಂದು ಮಾತ್ರ ಅವಳಿಗೆ ಹೊಸದು: ಬೆರಳಿನಷ್ಟು ಉದ್ದದ, ಕಪ್ಪಗೆ ಒಣಗಿದ ಕೋಡು. ಹೊಗೆಯ ವಾಸನೆ. ಮುರಿದರೆ ಒಳಗೆ ಹೊಳೆಯುವ ಕರಿಬೀಜ. ಅದಕ್ಕೆ ಅವರು ಉಡ ಅನ್ನುತ್ತಾರೆ. ಹೆಸರು ಕೇಳಿ ಪಾತಮ್ಮ ಕೋಡನ್ನು ಮೊರಕ್ಕೆ ಬಿಟ್ಟು ನನ್ನ ಮುಖ ನೋಡಿದಳು. ನಮ್ಮ ಕಲ್ಲುಸಂದಿಯ ಉಡವಲ್ಲ, ಇದು ಗಿಡದ ಕಾಯಿ ಎಂದು ಬಿಡಿಸಿ ಹೇಳಬೇಕಾಯಿತು.

ವಿಡಿಯೋ ಕರೆಯಲ್ಲಿ ತಾಯಿ ಕಾಣಿಸಿಕೊಂಡರು. ತಲೆಗೆ ಹಳದಿ ಬಟ್ಟೆ ಸುತ್ತಿದ್ದ ಗಟ್ಟಿಗಿತ್ತಿ ಹೆಂಗಸು. ಜಾಕಾಯಿ ವಾಸನೆಯ ಬೀಜವನ್ನು ಹುರಿಯುವುದನ್ನು ತೋರಿಸಿದರು. ಸಿಪ್ಪೆ ಬಿರಿದ ಮೇಲೆ ಅದನ್ನು ಬಿಸಾಡಿ ಒಳಗಿನ ತಿರುಳನ್ನು ಮಾತ್ರ ಎತ್ತಿ ಹಿಡಿದರು. ಪಾತಮ್ಮ ಮೊಬೈಲಿಗೇ ತಲೆಯಾಡಿಸಿದಳು. ಆಮೇಲೆ ಅವರು ಉದ್ದನೆಯ ಕೋಡನ್ನು ಕೈಗೆತ್ತಿಕೊಂಡು ಮುರಿದರು. ಅಷ್ಟಕ್ಕೇ ಚಿತ್ರ ನಿಂತಿತು. ಅವರ ಕಡೆ ಕರೆಂಟು ಹೋಯಿತೋ, ನಮ್ಮ ಕಡೆ ನೆಟ್‌ವರ್ಕ್ ಹೋಯಿತೋ, ಮತ್ತೆ ಸಿಗಲಿಲ್ಲ.

"ಸಿಗದಿದ್ರೆ ಬಿಡ್ರಿ, ತಿಳೀತು. ಕಾಯಿ ಯಾವುದಾದ್ರೇನು, ಸಿಪ್ಪೆ ತೆಗೀಬೇಕು, ಬೀಜ ಇಟ್ಕೋಬೇಕು. ಯಾಲಕ್ಕಿಗೆ ಮಾಡಲ್ವಾ?" ಎಂದಳು ಪಾತಮ್ಮ.

ಈ ಪುಡಿ ಯಾವಾಗಲೂ ತಾಯಿಯೇ ಮಾಡುತ್ತಿದ್ದುದರಿಂದ ಅದಾಕುವಿಗೂ ಗೊತ್ತಿರಲಿಲ್ಲ. ನನಗೂ ಅದೇ ಸರಿ ಅನ್ನಿಸಿತು. ಅವಳು ಕೋಡುಗಳನ್ನೆಲ್ಲ ಮುರಿದು, ಬೀಜಗಳನ್ನು ಒಂದೂ ಬಿಡದಂತೆ ಬಿಡಿಸಿಕೊಂಡು, ಸಿಪ್ಪೆಯನ್ನು ಹಿತ್ತಿಲ ಕಸಕ್ಕೆ ಸುರಿದಳು. ಬಾಯಿಗೆ ಸೆರಗು ಬಿಗಿದು ಕುಟ್ಟಿದಳು. ಒರಳಿನ ಸುತ್ತ ಎದ್ದ ಘಾಟಿಗೆ ನಾನು ಸೀನಿ ಸೀನಿ ಹೊರಗೋಡಿದೆ.

ಸಾರಿಗೆ ಕೋಳಿಯಾದರೆ ಆದೀತೆಂದು ಅದಾಕು ಹೇಳಿದಾಗ ಮಾತ್ರ ಪಾತಮ್ಮ ಹಿಂದೆ ಸರಿದಳು. ಅವಳ ಮನೆತನದಲ್ಲಿ ಕೋಳಿ ಮುಟ್ಟುವುದಿಲ್ಲ, ಸಾಕುವುದೂ ಇಲ್ಲ. ಮರುದಿನ ಪಾತಣ್ಣ ಕೊಟ್ಟುಕಳಿಸಿದ ಕುರಿಮಾಂಸದ ಗಂಟಿನೊಂದಿಗೆ ಬಂದಳು. ಅದು ಬೆಂದು ಬಟ್ಟಲಿಗೆ ಬಂದಾಗ ಅದಾಕು ಮೊದಲ ಚಮಚ ಬಾಯಿಗಿಟ್ಟಳು. ಕಣ್ಣಲ್ಲಿ ನೀರು ಬಂತು. ಆಮೇಲೆ ಬಟ್ಟಲೆತ್ತಿ ಪೂರ್ತಿ ಕುಡಿದು, ಕಲಿತಿದ್ದ ನಾಲ್ಕು ಕನ್ನಡ ಮಾತಿನಲ್ಲಿ ಒಂದನ್ನು ತೆಗೆದು, "ಚೆನ್ನಾಗಿದೆ, ಅಮ್ಮ" ಎಂದಳು. ತವರು ನೆನಪಾಯಿತೆಂದು ನಾನು ತಿಳಿದೆ. ಪಾತಮ್ಮ ಹಣೆಯ ಬೆವರನ್ನು ಒರೆಸಿದಳು, ಅವಳದ್ದೂ ತನ್ನದೂ. ಮುಂದಿನ ಎರಡು ದಿನವೂ ಅದೇ ಸಾರು ನಡೆಯಿತು.

ಅದರ ಮರುದಿನ ಬೆಳಿಗ್ಗೆ ಪಾತಮ್ಮ ಬಂದು ಮಹಡಿ ಹತ್ತಿದವಳು ಹತ್ತಿದಷ್ಟೇ ಬೇಗ ಇಳಿದು ಬಂದಳು.

"ನಿರ್ಮಲಮ್ಮ, ಬರ್ರಿ. ನಡುಗ್ತಾವಳೆ."

ಹೋಗಿ ನೋಡಿದೆ. ಅದಾಕು ಎರಡು ಕಂಬಳಿ ಹೊದ್ದು ಹಲ್ಲು ಕಟಕಟ ಎನ್ನುವಂತೆ ನಡುಗುತ್ತಿದ್ದಳು. ಮುಟ್ಟಿದರೆ ಕೈ ಸುಡುವಷ್ಟು ಜ್ವರ. ಕಣ್ಣು ಅರ್ಧ ತೆರೆದಿದ್ದರೂ ನನ್ನನ್ನು ನೋಡುತ್ತಿರಲಿಲ್ಲ. ಒಬಿನ್ನಾ ಆಗಲೇ ಕೆಲಸಕ್ಕೆ ಹೋಗಿದ್ದ. ಅವನ ವಿಭಾಗದೊಳಗೆ ಮೊಬೈಲ್ ಒಯ್ಯುವಂತಿಲ್ಲ, ಎಷ್ಟು ಸಲ ಮಾಡಿದರೂ ರಿಂಗಾಗಿ ನಿಲ್ಲುತ್ತಿತ್ತು. ನನಗೂ ಒಳಗೊಳಗೇ ಭಯವಾಯಿತು. ಆದರೆ ಪಕ್ಕದಲ್ಲಿ ಪಾತಮ್ಮ ಇರುವಾಗ ನಾನೂ ಹೆದರಿದರೆ ಮನೆ ನಡೆಯುವುದುಂಟೆ?

"ಹಾಲಿನ ಜ್ವರ ಕಣೆ ಇದು. ಹಾಲು ಕಟ್ಟಿರುತ್ತೆ. ನನಗೂ ಬಂದಿತ್ತು, ಮಾತ್ರೆ ಕೊಟ್ಟರೆ ಸಂಜೆಗೆ ಇಳಿಯುತ್ತೆ" ಎಂದೆ.

ಪಾತಮ್ಮ ನನ್ನನ್ನೇ ನೋಡಿದಳು. ಅಷ್ಟರಲ್ಲಿ ದಿಂಬಿನ ಪಕ್ಕದ ಮೊಬೈಲ್ ಬಡಿದುಕೊಂಡಿತು. ಅದಾಕುವಿನ ತಾಯಿ. ನಾನು ತೆಗೆದುಕೊಂಡೆ. ಮಗಳ ಸ್ಥಿತಿ ನೋಡಿ ಆ ತಾಯಿ ಒಂದೇ ಉಸಿರಿಗೆ ಏನೇನೋ ಕೇಳಿದರು. ಏನು ತಿಂದಳು? ಪುಡಿ ಹೇಗೆ ಮಾಡಿದಿರಿ? ನಾನು ತಡವರಿಸುತ್ತ ಹೇಳಿದೆ. ಕೋಡಿನ ವಿಷಯಕ್ಕೆ ಬಂದಾಗ ಅವರು ಕೈಯೆತ್ತಿ ನನ್ನ ಮಾತು ನಿಲ್ಲಿಸಿದರು.

"ಬೀಜ ಹಾಕಿದಿರಾ? ಸಿಪ್ಪೆ ಎಸೆದು ಬೀಜ ಹಾಕಿದಿರಾ?" ಎಂದು ಮತ್ತೆ ಮತ್ತೆ ಕೇಳಿದರು. ಅವರ ಮನೆಯಲ್ಲಿ ಎಸೆಯುವುದು ಬೀಜವನ್ನಂತೆ. ಕೋಡಿನ ಸಿಪ್ಪೆಯನ್ನೇ ಹುರಿದು ಪುಡಿ ಮಾಡುತ್ತಾರೆ. ಬೀಜ ಕಹಿ, ಅದನ್ನು ಅವರು ಯಾರೂ ತಿನ್ನುವುದಿಲ್ಲ, ಬಾಣಂತಿಗೆ ಕೊಟ್ಟದ್ದನ್ನು ಅವರು ಕೇಳಿಯೂ ಇಲ್ಲ. ಕೊಟ್ಟರೆ ಏನಾಗುತ್ತದೆ ಎಂದು ನಾನು ಕೇಳಿದೆ. ಗೊತ್ತಿಲ್ಲ ಎಂದು ಅಳಲು ಶುರುಮಾಡಿದರು.

ನಾನು ಫೋನಿಟ್ಟು ತಿರುಗಿದಾಗ ಪಾತಮ್ಮ ಗೋಡೆಗೆ ಒರಗಿ ನಿಂತಿದ್ದಳು. ಇಂಗ್ಲಿಷು ಬಾರದಿದ್ದರೂ ಸಿಪ್ಪೆ ಮತ್ತು ಬೀಜವನ್ನು ಆ ತಾಯಿ ಬೆರಳಲ್ಲಿ ತೋರಿಸಿದ್ದನ್ನು ನೋಡಿದ್ದಳು. ಆದರೂ ನನ್ನ ಬಾಯಿಂದ ಕೇಳಬೇಕೆಂದು ಕಾದಳು. ಹೇಳಿದೆ. ಅವಳು "ಏಮೈತುಂದೋ ಏಮೋ" ಎಂದು ತುಟಿಯಲ್ಲೇ ಅನ್ನುತ್ತ ಮೆಟ್ಟಿಲಿಳಿದು ಹೊರಟುಹೋದಳು.

ಕಿಟಕಿಯಿಂದ ನೋಡಿದೆ. ಚಪ್ಪಲಿಯನ್ನೂ ಮೆಟ್ಟದೆ, ಬಸ್ ಸ್ಟ್ಯಾಂಡಿನ ದಿಕ್ಕಿಗೆ ಓಡುತ್ತಿದ್ದಳು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮಾಡುವುದನ್ನು ಮಾಡಿ ಊರಿಗೆ ಓಡುತ್ತಿದ್ದಾಳೆ, ಈ ಪರದೇಶದ ಹುಡುಗಿಯನ್ನೂ ಹಸುಗೂಸನ್ನೂ ನನ್ನ ಕೊರಳಿಗೆ ಕಟ್ಟಿದ್ದಾಳೆ ಎಂದು ಬಾಯಿಗೆ ಬಂದದ್ದೆಲ್ಲ ಬೈದೆ. ಬೈಯುತ್ತಲೇ ಮಾತ್ರೆ ಹುಡುಕಿದೆ. ಮಗು ಎದ್ದು ಚೀರಿತು. ಅದಾಕು ಮಗುವಿನ ಕಡೆ ಕೈ ಚಾಚಲು ಹೋದಳು, ಕೈ ಮೇಲೇಳಲಿಲ್ಲ.

ಆಟೋ ಸದ್ದು ಕೇಳಿತು. ಪಾತಮ್ಮ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುವ ಗಂಗರಾಜುವಿನ ಆಟೋದಲ್ಲಿ ಮುಂದೆ ಅವನ ಪಕ್ಕದಲ್ಲೇ ಕೂತು ಬಂದಿದ್ದಳು. ಪಾದದಲ್ಲಿ ಗಾಜು ಚುಚ್ಚಿ ರಕ್ತ ಬರುತ್ತಿತ್ತು.

"ಎತ್ರಿ, ಹೋಗಾನ" ಎಂದಳು.

"ಮಾತ್ರೆ ಕೊಟ್ಟಿದೀನಿ, ಸ್ವಲ್ಪ ಹೊತ್ತು ನೋಡೋಣ. ಅವಳ ಗಂಡ ಬರಲಿ" ಎಂದೆ.

"ನೋಡಾದು ಬ್ಯಾಡ್ರಿ." ಅವಳು ನನ್ನ ಮಾತಿಗೆ ಎದುರಾಡಿದ್ದನ್ನು ಅಂದೇ ಮೊದಲು ಕೇಳಿದ್ದು. "ನೋಡ್ತಾ ಕೂತ್ಕಾಬಾರ್ದು. ನೀವು ಬರದಿದ್ರೆ ನಾನೂ ಗಂಗರಾಜೂ ಹೊತ್ಕಂಡು ಹೋಗ್ತೀವಿ."

ಗಂಗರಾಜು ಅದಾಕುವನ್ನು ಕಂಬಳಿ ಸಮೇತ ಎತ್ತಿಕೊಂಡ. ಮಗುವನ್ನು ನಾನು ಹಿಡಿದುಕೊಂಡೆ. ಹೊರಡುವಾಗ ಪಾತಮ್ಮ ಅಡುಗೆಮನೆಗೆ ನುಗ್ಗಿ ಪುಡಿಯ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಆಟೋದಲ್ಲಿ ಅವಳ ಕಿವಿಯ ಬಳಿ ಹೇಳಿದೆ: "ನೋಡು, ಅಲ್ಲಿ ಪುಡಿ ಗಿಡಿ ಅಂತ ಬಾಯಿ ಬಿಡಬೇಡ. ಹೊರದೇಶದವಳು. ಏನಾದರೂ ಹೆಚ್ಚುಕಡಿಮೆ ಆದರೆ ಪೊಲೀಸು, ಪೇಪರು ಎಲ್ಲ ಬರುತ್ತೆ. ನಿನ್ನನ್ನ ಯಾರೂ ಬಿಡಿಸೋಕಾಗಲ್ಲ." ಅವಳ ಒಳ್ಳೆಯದಕ್ಕೇ ಹೇಳಿದ್ದು. ಅದಾಕು ಒಂದು ಕಡೆ, ಪಾತಮ್ಮ ಇನ್ನೊಂದು ಕಡೆ ನಡುಗುವಾಗ ಮಧ್ಯದಲ್ಲಿ ಕೂತ ನನಗೆ ಯಾರ ನಡುಕ ಯಾರದೆಂದು ತಿಳಿಯಲಿಲ್ಲ.

ಹತ್ತಿರದ ಆಸ್ಪತ್ರೆಯಲ್ಲಿ ಡಾಕ್ಟರ್ ಮಂಗಳಗೌರಿ ಇದ್ದರು. ನಡುವಯಸ್ಸಿನವರು, ಮಾತು ಕಡಿಮೆ. ಅದಾಕುವನ್ನು ಮಲಗಿಸಿ ನಾಡಿ ನೋಡಿದರು, ಹೊಟ್ಟೆ ಒತ್ತಿದರು. ಅವಳು ನರಳಿದಳು. ಏನು ತಿಂದಿದ್ದಳು, ಯಾವಾಗಿನಿಂದ ಜ್ವರ ಎಂದು ಕೇಳಿದರು. ನಾನು ಹಾಲಿನ ಜ್ವರ ಇರಬೇಕು ಎನ್ನುತ್ತಿದ್ದಂತೆ ಪಾತಮ್ಮ ನನ್ನನ್ನು ಸರಿಸಿ ಮುಂದೆ ಬಂದಳು.

"ನಾನು ವಿಷ ಹಾಕಿವ್ನಿ ಡಾಕ್ಟ್ರೆ" ಎಂದಳು.

ನರ್ಸ್ ತಿರುಗಿ ನೋಡಿದಳು. ನಾನು ಅವಳ ಸೆರಗು ಹಿಡಿದೆಳೆದೆ. ಪಾತಮ್ಮ ಕೋಡು, ಸಿಪ್ಪೆ, ಬೀಜ ಎಂದು ಕನ್ನಡ ತೆಲುಗು ಬೆರೆಸಿ ಹೇಳುತ್ತಲೇ ಡಬ್ಬಿಯ ಮುಚ್ಚಳ ತೆಗೆದಳು. ಡಾಕ್ಟರು ನೋಡಲು ಕೈ ಚಾಚಿದರು. ಅವಳು ಕೊಡಲಿಲ್ಲ. ಎರಡು ಬೆರಳಿಗೆ ಬಂದಷ್ಟಲ್ಲ, ಹಿಡಿ ತುಂಬ ಪುಡಿ ತೆಗೆದು ಬಾಯಿಗೆ ತುರುಕಿಕೊಂಡಳು. ಘಾಟಿಗೆ ಕಣ್ಣು ಕೆಂಪಗಾಯಿತು, ಕೆಮ್ಮು ಒತ್ತರಿಸಿ ಬಂತು. ಒಂದು ಕೈಯಲ್ಲಿ ಬಾಯಿ ಮುಚ್ಚಿಕೊಂಡು, ಉಗುಳದೆ, ನುಂಗಿದಳು.

"ಏನಮ್ಮಾ ಇದು, ತಲೆ ಕೆಟ್ಟಿದೆಯಾ?" ಎಂದರು ಡಾಕ್ಟರು.

ಮಾತು ಬರಲು ಅವಳಿಗೆ ಹೊತ್ತು ಹಿಡಿಯಿತು. "ಇದು ಯಾವ ವಿಷ ಅಂತ ನಿಮಗೂ ಗೊತ್ತಿಲ್ಲ, ಅವರವ್ವಗೂ ಗೊತ್ತಿಲ್ಲ. ಈಗ ನಾನೂ ತಿಂದೀನಿ. ನನ್ನ ರಕ್ತ ತಗಂಡು ನೋಡ್ರಿ. ನನ್ನ ಮ್ಯಾಲೆ ಏನೇನು ಔಷಧಿ ನೋಡ್ಬೇಕೋ ನೋಡ್ರಿ. ಯಾವುದು ಹತ್ತುತ್ತೋ ಅದನ್ನ ಅವಳಿಗೆ ಕೊಡ್ರಿ."

ಹಾಗೆಂದು ತೋಳು ಚಾಚಿ ನಿಂತಳು. ನರ್ಸ್ ಡಾಕ್ಟರ ಮುಖ ನೋಡಿ, ಅವರು ತಲೆಯಾಡಿಸಿದ ಮೇಲೆ ಸೂಜಿ ಚುಚ್ಚಿದಳು. ಪಾತಮ್ಮ ಕಣ್ಣು ಮುಚ್ಚಲಿಲ್ಲ. ಅದಾಕುವಿನ ಮುಖವನ್ನೇ ನೋಡುತ್ತಿದ್ದಳು.

ಡಾಕ್ಟರು ಅದಾಕುವನ್ನು ಸ್ಕ್ಯಾನಿಗೆ ಒಯ್ದರು. ನಾವು ಹೊರಗಿನ ಬೆಂಚಿನಲ್ಲಿ ಕೂತೆವು. ಪಾತಮ್ಮ ತನಗೆ ಏನಾದರೂ ಆಗಲಿ ಎಂದು ಕಾಯುತ್ತಿದ್ದಳು. ಅವಳು ಬಾಯಿಬಿಟ್ಟು ಹೇಳಲಿಲ್ಲ, ಆದರೆ ತನ್ನ ಹಣೆ ತಾನೇ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ನಾನೂ ಅವಳನ್ನೇ ನೋಡುತ್ತಿದ್ದೆ. ಒಮ್ಮೆ ಅವಳು ಬಿಕ್ಕಳಿಸಿದಾಗ ನರ್ಸನ್ನು ಕರೆಯಲು ನಾನು ಅರ್ಧ ಎದ್ದೆ. ಇವಳಿಗೆ ಏನೂ ಆಗಬಾರದು ಎಂದು ಒಂದು ಗಳಿಗೆ ಬೇಡಿಕೊಂಡರೆ, ಇವಳಿಗೆ ಏನಾದರೂ ಆದರೆ ಆ ಹುಡುಗಿಗೆ ದಾರಿ ಸಿಕ್ಕೀತಲ್ಲ ಎಂಬ ಕೆಟ್ಟ ಯೋಚನೆಯೂ ಬರುತ್ತಿತ್ತು. ಮಡಿಲಲ್ಲಿ ಮಗು ನನ್ನ ಬೆರಳನ್ನು ಚೀಪುತ್ತಿತ್ತು.

ಡಾಕ್ಟರು ಹೊರಬಂದು ನಮ್ಮೆದುರು ನಿಂತರು. "ಪುಡಿಗೂ ಇದಕ್ಕೂ ಸಂಬಂಧ ಇಲ್ಲ. ಮಗುವಿನ ಹಿಂದೆ ಬೀಳೋ ಮಾಸಿನ ಒಂದು ಚೂರು ಗರ್ಭದಲ್ಲೇ ಉಳಿದುಬಿಟ್ಟಿದೆ. ಎಷ್ಟು ನೋಡಿದರೂ ಕೆಲವು ಸಲ ಹೀಗಾಗುತ್ತೆ. ಅದು ಕೊಳೆತು ನಂಜು ರಕ್ತಕ್ಕೆ ಏರ್ತಿದೆ. ಈಗಲೇ ತೆಗೀಬೇಕು" ಎಂದರು. ಬದುಕುತ್ತಾಳೆಯೇ ಎಂದು ಕೇಳಿದೆ. ನೋಡೋಣ ಎಂದು ಒಳಗೆ ಹೋದರು.

ಪುಡಿ ಅಲ್ಲವಂತೆ, ಕೇಳಿದೆಯಾ ಎಂದು ಪಾತಮ್ಮನ ಭುಜ ಅಲುಗಿಸಿದೆ. ಅವಳು ಹಗುರಾಗುತ್ತಾಳೆಂದು ನನ್ನ ಎಣಿಕೆ. ಅವಳು ಇನ್ನಷ್ಟು ಕುಗ್ಗಿಹೋದಳು. ಎರಡೂ ಕೈಯಲ್ಲಿ ಬೆಂಚಿನ ಅಂಚನ್ನು ಹಿಡಿದು ಮುಚ್ಚಿದ ಬಾಗಿಲನ್ನು ನೋಡುತ್ತ ಕೂತಳು. ಆಪರೇಷನ್ ಅಂದರೆ ಅವಳಿಗೆ ಮೊದಲೇ ದಿಗಿಲು, ಅದಕ್ಕೇ ಹೀಗೆ ಎಂದುಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಒಬಿನ್ನಾ ಓಡಿಬಂದ. ಯಾರೋ ಅವನ ಕೇಂದ್ರದ ಗೇಟಿಗೆ ಸುದ್ದಿ ಮುಟ್ಟಿಸಿದ್ದರು. ಮಗುವನ್ನು ಎತ್ತಿಕೊಂಡು ಕಾರಿಡಾರಿನಲ್ಲಿ ಆಚೆ ಈಚೆ ನಡೆದ, ಅವರ ಭಾಷೆಯಲ್ಲಿ ದೇವರನ್ನು ಕರೆದ. ಅವನನ್ನು ನೋಡಿ ನನಗೂ ಅಳು ತಡೆಯಲಾಗಲಿಲ್ಲ. ಆಮೇಲೆ ಬಾಗಿಲು ತೆರೆಯಿತು.

"ತೆಗೆದಾಯಿತು. ಔಷಧಿಗೆ ಮೈ ಒಗ್ಗುತ್ತಿದೆ. ಅಪಾಯ ದಾಟಿತು ಅಂದುಕೊಳ್ಳಿ" ಎಂದರು ಡಾಕ್ಟರ್ ಮಂಗಳಗೌರಿ. ಒಬಿನ್ನಾ ಗೋಡೆಗೆ ಹಣೆಯಿಟ್ಟು ನಿಂತ. ಡಾಕ್ಟರು ಮುಂದುವರಿಸಿದರು: "ಬೆಳಿಗ್ಗೆಯೇ ತಂದದ್ದು ಒಳ್ಳೆಯದಾಯಿತು. ಹಾಲಿನ ಜ್ವರ ಅಂತ ಸಂಜೆವರೆಗೆ ಇಟ್ಟುಕೊಂಡಿದ್ದರೆ ಕೈಗೆ ಸಿಗುತ್ತಿರಲಿಲ್ಲ."

ನಾನು ತಲೆ ತಗ್ಗಿಸಿದೆ. ಒಬಿನ್ನಾ ಒಳಗೆ ಹೋದ. ಪಾತಮ್ಮ ಎದ್ದು ಡಾಕ್ಟರ ದಾರಿಗೆ ಅಡ್ಡ ನಿಂತಳು. ಅವಳ ದನಿ ಎಷ್ಟು ಸಣ್ಣಗಿತ್ತೆಂದರೆ ಅವರು ಬಾಗಿ ಕೇಳಬೇಕಾಯಿತು.

"ಹಿಂಗೆ ಹಲ್ಲು ಕಡ್ಕಂಡು ನಡುಗಿದ್ರೆ, ಕಣ್ಣು ಹಿಂಗೆ ಅರ್ಧ ಬಿಟ್ರೆ, ಎಲ್ಲಾ ಇದೇ ಏನ್ರಿ? ಮಾಸು ಉಳಿದದ್ದಾ?"

"ಎಲ್ಲಾ ಅಲ್ಲಮ್ಮ. ಎಷ್ಟೋ ಸಲ ಇದೇ ಆಗಿರುತ್ತೆ."

"ಖಾರಕ್ಕೆ ಹಿಂಗಾಗಲ್ವಾ?"

"ಖಾರಕ್ಕೆ ಹೊಟ್ಟೆ ಉರೀಬಹುದು. ಹೀಗೆ ನಂಜಾಗೋದಿಲ್ಲ."

"ಮನೆಯಾಗೆ ಹೆತ್ತಿದ್ಲು. ಹೆತ್ತು ಎಂಟೊಂಬತ್ತು ದಿನಕ್ಕೆ ಹಿಂಗೇ ನಡುಗಿದ್ಲು. ನಾನು ಖಾರ ಕುಟ್ಟಿ ಕೊಟ್ಟಿದ್ದೆ. ಖಾರ ಜಾಸ್ತಿಯಾಗಿ ಮೈ ಕಾದೈತೆ ಅಂದ್ರು ಎಲ್ರೂ. ಹಾಲಿನ ಜ್ವರ, ಇಳೀತೈತೆ ಅಂತ ನಾವು ನೋಡ್ತಾ ಕೂತ್ವಿ. ಖಾರದಿಂದ್ಲೇ ಅಂತ ನಾನೂ ಇಷ್ಟು ವರ್ಷ ತಿಳ್ಕಂಡಿದ್ದೆ."

"ಯಾರಮ್ಮ ಅದು?" ಎಂದು ಡಾಕ್ಟರು ಕೇಳಿದರು.

"ನನ್ನ ಮಗಳು."

ಬಾಲರಾಜ್ ಒಬ್ಬನೇ ಅವಳಿಗೆ ಎಂದು ನಾನು ತಿಳಿದಿದ್ದೆ. ಇಷ್ಟು ವರ್ಷ ನನ್ನ ಮನೆಯಲ್ಲಿ ಕಾಫಿ ಕುಡಿದಿದ್ದಾಳೆ, ನನ್ನ ಮಗಳ ಮೈಗೆ ಎಣ್ಣೆ ತಿಕ್ಕಿದ್ದಾಳೆ, ಒಂದು ದಿನವೂ ಆ ಮಾತು ಬಾಯಿಂದ ಬಿದ್ದಿರಲಿಲ್ಲ. ನಾನೂ ಕೇಳಿರಲಿಲ್ಲ. ಪುಕ್ಕಲಿ ಎಂದು ನಗುತ್ತಿದ್ದೆ, ಅಷ್ಟೇ.

ಡಾಕ್ಟರು ಅವಳನ್ನು ಬೆಂಚಿನ ಮೇಲೆ ಕೂರಿಸಿ ತಾವೂ ಪಕ್ಕದಲ್ಲಿ ಕೂತರು. "ನಿನ್ನ ಖಾರದಿಂದ ಅಲ್ಲಮ್ಮ ಅದು. ನೀನೇನೂ ಮಾಡಿಲ್ಲ" ಎಂದು ನಿಧಾನವಾಗಿ ಹೇಳಿದರು. ಈಗಲಾದರೂ ಅಳುತ್ತಾಳೆ, ಅತ್ತು ಹಗುರಾಗುತ್ತಾಳೆ ಎಂದು ನಾನು ಕಾದೆ. ಪಾತಮ್ಮ ಅಳಲಿಲ್ಲ. ಡಾಕ್ಟರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಬೆರಳ ತುದಿಗಳಲ್ಲಿ ಇನ್ನೂ ಆ ಪುಡಿ ಅಂಟಿಕೊಂಡಿತ್ತು.

"ಹಂಗಾದ್ರೆ, ಅವತ್ತು ಒಂದು ಗಾಡಿ ಮಾಡ್ಕಂಡು ಇಲ್ಲಿಗೆ ತಂದಿದ್ರೆ ಉಳೀತಿದ್ಲಾ?"

ಡಾಕ್ಟರ್ ಮಂಗಳಗೌರಿ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಒಳಗಿನಿಂದ ನರ್ಸ್ ಬಂದು, ಆ ನೈಜೀರಿಯಾದ ಹುಡುಗಿಗೆ ಎಚ್ಚರವಾಗಿದೆ, ಅಮ್ಮ ಎಲ್ಲಿ ಎಂದು ಕೇಳುತ್ತಿದ್ದಾಳೆ ಎಂದಳು. ಅವಳ ತಾಯಿ ದೂರದ ದೇಶದಲ್ಲಿದ್ದಾರೆ ಎಂದು ನಾನು ಹೇಳಲು ಹೋದೆ. ಪಾತಮ್ಮ ಅಷ್ಟರಲ್ಲಿ ಎದ್ದು ಒಳಗೆ ಹೋಗಿದ್ದಳು.